ಭಾವ ಬದಲಿಸಿದ ಗೇರ್ ಕೇಬಲ್

ಕಿರಿಯ ಸೊಸೆ ಕೆಲಸ ಮುಗಿಸಿ ಬಂದು ಗೇಟು ತೆಗೆಯುವಷ್ಟರಲ್ಲಿ ಭಾವ ವರಾಂಡದಲ್ಲಿ ಎದೆಯುಬ್ಬಿಸಿ ನಿಂತಿದ್ದರು. ಎಣ್ಣೆ ಮೆತ್ತಿದ ಕೈಯನ್ನು ಅತ್ತೆ ಆಗಷ್ಟೇ ಒಗೆದು ಹರವಿದ್ದ ಟವೆಲಿಗೆ ಒರೆಸುತ್ತಿದ್ದರು.

"ನಿನ್ನ ಸೈಕಲ್ ರೆಡಿ ಕಣಮ್ಮಾ. ಗೇರ್ ಕೇಬಲ್ ಬದಲಾಯಿಸ್ಬಿಟ್ಟೆ. ಇನ್ನು ಕಣ್ಮುಚ್ಕೊಂಡು ಗುಡ್ಡ ಹತ್ತು."

ಅವಳು ಸಾಮಾನಿಟ್ಟಿದ್ದ ಕಪಾಟಿನತ್ತ ನಡೆದಳು.

ಗುಡ್ಡದ ಮೇಲಿನ ನೀರಿನ ಟ್ಯಾಂಕುಗಳನ್ನು ಪರೀಕ್ಷಿಸುವುದು ಅವಳ ಕೆಲಸ. ದಾರಿಯೆಲ್ಲ ಕಲ್ಲು, ಕೊರಕಲು. ದಪ್ಪ ಟೈರಿನ ಆ ಮೌಂಟನ್ ಬೈಕು ಅವಳಿಗೆ ಕಾಲಿದ್ದ ಹಾಗೆ. ಗೇರ್ ಕೇಬಲ್ಲಿನ ಎಳೆಗಳು ಬಿಚ್ಚಿಕೊಂಡಿದ್ದರಿಂದ ಸೈಕಲ್ಲನ್ನು ಮನೆಯಲ್ಲೇ ಬಿಟ್ಟು, ಹೊಸ ಕೇಬಲ್ಲನ್ನೂ ಅದು ಓಡಾಡುವ ಹೊರಗಿನ ಕೊಳವೆಯನ್ನೂ ತಾನೇ ಆರಿಸಿ ತಂದಿಟ್ಟಿದ್ದಳು. ಆ ಕೊಳವೆಗೆ ಅಂಗಡಿಯವರು ಔಟರ್ ಎನ್ನುತ್ತಾರೆ. ಬ್ರೇಕಿನ ಔಟರಿನೊಳಗೆ ತಂತಿ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ; ಗೇರಿನದರಲ್ಲಿ ಉಕ್ಕಿನ ಎಳೆಗಳು ಉದ್ದಕ್ಕೂ ನೆಟ್ಟಗೆ ಸಾಗಿರುತ್ತವೆ. ಮೇಲಿಂದ ನೋಡಿದರೆ ಎರಡೂ ಅವಳಿಜವಳಿ. ಅದಕ್ಕೇ ಅವಳು ತುದಿಯನ್ನು ಬೆಳಕಿಗೆ ಹಿಡಿದು, ಅಂಗಡಿಯವನ ಗೊಣಗಾಟಕ್ಕೆ ಕಿವಿಗೊಡದೆ, ನೋಡಿಯೇ ತಂದಿದ್ದಳು. ರಜೆಯ ದಿನ ಕೂತು ಹಾಕಿಕೊಳ್ಳುವುದಿತ್ತು.

ಈಗ ನೋಡಿದರೆ ಔಟರಿನ ಪೊಟ್ಟಣ ಕಪಾಟಿನಲ್ಲಿ ಹಾಗೇ ಕೂತಿದೆ.

"ಅದನ್ನ ಒಡೀಲಿಲ್ಲ. ಚೆನ್ನಾಗಿರೋ ಹೊಸಾದನ್ನ ಸುಮ್ನೆ ಯಾಕೆ ಹಾಳ್ಮಾಡೋದು?" ಎಂದರು ಭಾವ. "ನನ್ನ ಹಳೇ ಸೈಕಲ್ಲಿಂದು ಬ್ರೇಕ್ ಔಟರ್ ಬಿದ್ದಿತ್ತು. ಅಡುಗೆಮನೆ ಇಕ್ಕಳದಲ್ಲಿ ಕಟ್ ಮಾಡಿ ಹಾಕ್ದೆ. ಒಳಗಿನ ಕೇಬಲ್ ಮಾತ್ರ ನೀನು ತಂದಿದ್ದೇ."

"ಭಾವ, ನನ್ನನ್ನ ಒಂದು ಮಾತು..."

"ಪಾಪ, ಮಧ್ಯಾಹ್ನದ ಊಟಾನೂ ಬಿಟ್ಟು ಕೂತಿದ್ದ ಕಣೇ," ಎಂದು ಅತ್ತೆ ಒಳಗಿನಿಂದಲೇ ತಡೆದರು. ಗಂಡ ಅವಳ ಮೊಣಕೈ ತಿವಿದು, "ಹೋಗ್ಲಿ ಬಿಡು, ಅಣ್ಣ ಬೇಜಾರು ಮಾಡ್ಕೋತಾನೆ," ಎಂದು ಪಿಸುಗುಟ್ಟಿದ.

"ಥ್ಯಾಂಕ್ಸ್ ಭಾವ," ಎಂದಳು.

ಮರುದಿನ ಬೆಳಿಗ್ಗೆ ಮೊದಲ ಏರಿನಲ್ಲೇ ಗೊತ್ತಾಯಿತು. ಹ್ಯಾಂಡಲಿನ ಗೇರ್ ಲಿವರ್ ಒತ್ತಿದರೆ ಚೈನು ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದರೆ ಒಟ್ಟಿಗೇ ಎರಡು ಹಲ್ಲುಚಕ್ರ ದಾಟಿ ಕಟಕಟ ಎಂದಿತು. ಸ್ಪ್ರಿಂಗಿನಂಥ ಔಟರ್ ಪ್ರತಿ ಎಳೆತಕ್ಕೂ ಕುಗ್ಗಿ, ಅವಳ ಬೆರಳಿನ ಲೆಕ್ಕವನ್ನೆಲ್ಲ ನಡುದಾರಿಯಲ್ಲೇ ನುಂಗಿಹಾಕುತ್ತಿತ್ತು. ಸಾಲದ್ದಕ್ಕೆ ಭಾವ ಅದನ್ನು ಗಿಡ್ಡವಾಗಿ ಕತ್ತರಿಸಿದ್ದರು. ಕಡಿದಾದ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದ್ದೇ ತಡ, ಕೇಬಲ್ ಬಿಗಿದು ಗೇರು ತಾನೇ ಬದಲಾಯಿತು. ಚೈನು ಜಿಗಿಯಿತು, ಕಾಲು ಜಾರಿತು, ಪೆಡಲಿನ ಮೊಳೆಗಳು ಮೊಣಕಾಲಿನ ಕೆಳಗೆ ಚರ್ಮವನ್ನು ಸುಲಿದವು.

ಸೈಕಲ್ಲನ್ನು ತಳ್ಳಿಕೊಂಡೇ ಗುಡ್ಡ ಹತ್ತಿದಳು. ಕಾಲಿನ ಉರಿಯನ್ನು ಹೇಗೋ ತಡೆದುಕೊಂಡಳು. ತಾನು ಹೇಳಿದ ಆ "ಥ್ಯಾಂಕ್ಸ್" ನೆನೆದಾಗಲೆಲ್ಲ ಮಾತ್ರ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನನ್ನ ಸೈಕಲ್ಲು, ನಾನು ಆರಿಸಿದ ಸಾಮಾನು, ನನ್ನ ಕಾಲು. ಉಪಕಾರ ಮಾತ್ರ ಅವರದ್ದು!

ಇಕ್ಕಳದ ಬಾಯಿಗೆ ಸಿಕ್ಕಿ ಕೇಬಲ್ಲಿನ ತುದಿ ಪೊರಕೆಯಾಗಿತ್ತು. ಉದ್ದವೂ ಸಾಲುತ್ತಿರಲಿಲ್ಲ. ಸಂಜೆ ಬರುವಾಗ ಇನ್ನೊಂದು ಕೇಬಲ್ ತಂದಳು. ಎಲ್ಲರೂ ಚಹಾ ಕುಡಿಯುತ್ತ ವರಾಂಡದಲ್ಲಿ ಕೂತಿದ್ದಾಗಲೇ ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿ ಬಿಚ್ಚತೊಡಗಿದಳು.

"ಇದೇನಮ್ಮಾ, ನಾನು ಹಾಕಿದ್ದನ್ನ ಕೀಳ್ತಿದ್ದೀಯಾ?"

"ಹೌದು ಭಾವ."

"ಏನಾಗಿದೆ ಅದಕ್ಕೆ?"

ಅವಳು ಪ್ಯಾಂಟಿನ ಕಾಲು ಮೇಲೆತ್ತಿದಳು. "ಇದಾಗಿದೆ."

ಭಾವ ಗಾಯದ ಕಡೆ ನೋಡಿದಂತೆ ಮಾಡಿ ಚಹಾ ಹೀರಿದರು. "ನೀನು ಲಿವರ್ ಸರಿಯಾಗಿ ಒತ್ತಿರಲ್ಲ. ಅದಕ್ಕೂ ಒಂದು ಹದ ಬೇಕಲ್ವಾ?"

ಅಲ್ಲಿಗೆ ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ಹದ ನಂಗೆ ಹೇಳ್ಬೇಡಿ ಭಾವ! ದಿನಾ ಗುಡ್ಡ ಹತ್ತೋಳು ನಾನು. ಬ್ರೇಕಿನದನ್ನ ಗೇರಿಗೆ ಹಾಕಿದ್ದು ನೀವು, ಗಿಡ್ಡ ಕತ್ತರಿಸಿದ್ದು ನೀವು. ಬಿದ್ದೋಳು ನಾನು. ಈಗ ತಪ್ಪೂ ನಂದೇನಾ? ನಿಮ್ಮನ್ನ ಮುಟ್ಟಿ ಅಂತ ಕೇಳಿದ್ಯಾರು?"

ಗಂಡ ಕೆಮ್ಮಿದ. "ಸ್ವಲ್ಪ ಮೆತ್ತಗೆ..."

"ನೀವು ಸುಮ್ನಿರಿ! ನಿನ್ನೆ ಮೆತ್ತಗೆ ಇದ್ದಿದ್ದಕ್ಕೇ ಹೀಗಾಗಿದ್ದು."

ಅತ್ತೆ ಲೋಟ ಕೆಳಗಿಟ್ಟರು. ಇನ್ನು ತನ್ನ ಮೇಲೆ ಹರಿಹಾಯುತ್ತಾರೆ ಎಂದು ಅವಳು ಸೆಟೆದು ನಿಂತಳು. ಅತ್ತೆ ತಿರುಗಿದ್ದು ಹಿರಿಮಗನ ಕಡೆ.

"ನನ್ನ ಹೊಲಿಗೆ ಮಷೀನೂ ಹೀಗೇ ಆಗಿದ್ದು. ನಾನು ಮನೇಲಿಲ್ಲದಾಗ ನೀನು ಬಿಚ್ಚಿ ಜೋಡಿಸ್ದೆ. ಅವತ್ತಿಂದ ಹೊಲಿಗೆ ಬಿಡ್ತಾನೇ ಇದೆ. ಮಗ ಅಂತ ಬಾಯಿ ಹೊಲ್ಕೊಂಡಿದ್ದೆ."

"ಅಮ್ಮಾ, ಆ ಮಷೀನು ಹಳೇದು..."

"ನೀನು ಕೈ ಹಾಕೋವರೆಗೂ ಚೆನ್ನಾಗೇ ಇತ್ತು!"

ಅವಳು ಕೆಲಸಕ್ಕೆ ಕೈಹಾಕಿದಳು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ಜಗ್ಗದಷ್ಟು, ಜೋತೂ ಬೀಳದಷ್ಟು ಉದ್ದ ಅಳೆದು ಔಟರನ್ನು ಚೂಪು ಕಟರಿನಿಂದ ನೇರ ಕತ್ತರಿಸಿದಳು. ತುದಿಯಲ್ಲಿ ಮುಚ್ಚಿಕೊಂಡ ತೂತನ್ನು ದಬ್ಬಣದ ಮೊನೆಯಿಂದ ಬಿಡಿಸಿ ಲೋಹದ ಪುಟ್ಟ ಟೋಪಿ ತೊಡಿಸಿದಳು. ಲಿವರಿನಿಂದ ತೂರಿಸಿದ ಕೇಬಲ್ ಎಲ್ಲೂ ತಡೆಯದೆ ಹಿಂದಿನ ಚಕ್ರದವರೆಗೆ ಸರ್ರನೆ ಹೋಯಿತು. ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕಿಳಿಸಿ, ಕೇಬಲ್ ಎಳೆದು, ಬೋಲ್ಟು ಬಿಗಿದಳು. ಪೆಡಲ್ ತಿರುಗಿಸುತ್ತ ಕೇಬಲ್ಲಿನ ಬಿಗಿ ಹೊಂದಿಸುವ ತಿರುಪನ್ನು ಚೂರು ಚೂರೇ ತಿರುವಿದಳು. ಟಕ್ ಎಂದರೆ ಒಂದು ಗೇರು, ಮತ್ತೆ ಟಕ್ ಎಂದರೆ ಇನ್ನೊಂದು.

ಭಾವ ಎದ್ದು ಒಳಗೆ ಹೋದರು. ತಪ್ಪಾಯಿತು ಎನ್ನಲಿಲ್ಲ, ನೋವಾಯಿತಾ ಎಂದೂ ಕೇಳಲಿಲ್ಲ. ರಾತ್ರಿಯ ಊಟಕ್ಕೆ ಮುಖ ಊದಿಸಿಕೊಂಡೇ ಕೂತರು. ಗಂಡ ಮಾತ್ರ ಔಷಧಿ ಡಬ್ಬಿ ತಂದು ಅವಳ ಕಾಲ ಬಳಿ ಕೂತು, "ನಿನ್ನೆ ನಾನು ನಿನ್ನ ಬಾಯಿ ಮುಚ್ಚಿಸ್ಬಾರ್ದಿತ್ತು," ಎಂದ. "ಹೂಂ, ಮುಚ್ಚಿಸ್ಬಾರ್ದಿತ್ತು," ಎಂದಳು.

ರಜೆಯ ದಿನ ಅತ್ತೆ ಹೊಲಿಗೆ ಮಷೀನಿನ ಒಂದು ಬದಿ ಹಿಡಿದು, "ಇನ್ನೊಂದು ಕಡೆ ಹಿಡ್ಕೊಳೇ, ರಿಪೇರಿ ಅಂಗಡಿಗೆ ಕೊಟ್ಟು ಬರೋಣ," ಎಂದರು. ಇಬ್ಬರೂ ಎತ್ತಿಕೊಂಡು ಬಾಗಿಲು ದಾಟುವಷ್ಟರಲ್ಲಿ ಭಾವ ಪೇಪರ್ ಬಿಸಾಕಿ ಓಡಿಬಂದರು.

"ಹೊರಗಡೆ ಯಾಕೆ ಕೊಡ್ತೀರಾ? ಬೆಲ್ಟ್ ಸಡಿಲ ಆಗಿರತ್ತೆ ಅಷ್ಟೆ. ತನ್ನಿ ಇಲ್ಲಿ, ನಾನೇ..."

"ಮುಟ್ಟಿದ್ರೆ ನೋಡು!" ಎಂದರು ಅತ್ತೆ.

ಭಾವ ಕೈ ಹಿಂದಕ್ಕೆಳೆದುಕೊಂಡರು. ಆದರೂ ಅವರ ಮುಖದಲ್ಲಿ ತನಗೇ ಅನ್ಯಾಯವಾಯಿತೆಂಬ ಭಾವವಿತ್ತು. ಅದನ್ನು ಕಂಡು ಕಿರಿಯ ಸೊಸೆಗೆ ಮತ್ತೆ ರೇಗಿತು.

"ದಾರಿ ಬಿಡಿ ಭಾವ," ಎಂದಳು. "ಭಾರ ಇದೆ."