ಹದಿನೇಳು ದಿನ ಹಿಡಿದ ಶಿಫಾರಸು ಪತ್ರ

ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಗಡ್ಡ ಹೆರೆದುಕೊಳ್ಳುತ್ತಿದ್ದಾಗ, ನನ್ನ ಗಂಡ ಲಿಯೋನಿದಾಸರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಹದಿನೈದು ದಿನಕ್ಕೆ ಆಸ್ಪತ್ರೆಯಿಂದ ಮನೆಗೂ ಬಂದರು. ಆದರೆ ಬಲಗೈ ಜೋತುಬಿದ್ದಿತ್ತು, ಮಾತು ಹೋಗಿತ್ತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ನಿಧಾನವಾಗಿ ಓದಲೂ ಬರುತ್ತಿತ್ತು. ಹೇಳಹೊರಟಿದ್ದು ಮಾತ್ರ ನಾಲಿಗೆಗೆ ಬರುವಷ್ಟರಲ್ಲಿ ಬೇರೆಯೇ ಆಗಿಬಿಡುತ್ತಿತ್ತು. ಕಾಫಿ ಬೇಕಾದರೆ ‘ಟೋಪಿ’ ಎನ್ನುವರು. ಒಂದು ವಾರ ಪೂರ್ತಿ ನನ್ನನ್ನು ‘ಸೇತುವೆ’ ಎಂದು ಕರೆದರು. ಇಲ್ಲಿ ಲೋಖಾ ಪಟ್ಟಣದ ಯೂನಿವರ್ಸಿಟಿಯಲ್ಲಿ ಮೂವತ್ತನಾಲ್ಕು ವರ್ಷ ಭೂವಿಜ್ಞಾನದ ಪಾಠ ಹೇಳಿದ ಮನುಷ್ಯ. ನಾನು ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತಳಾದವಳು. ತಡವರಿಸುವವರ ಎದುರು ಸುಮ್ಮನೆ ಕಾಯುವುದು ನನಗೆ ಹೊಸದಲ್ಲ.

ಅವರನ್ನು ನೋಡಲು ತಪ್ಪದೆ ಬರುತ್ತಿದ್ದವಳು ಜುಲೆಮಾ ಕಿಸ್ಪೆ, ಅವರ ಹಳೆಯ ವಿದ್ಯಾರ್ಥಿನಿ. ಸರಗೂರೊ ಕಡೆಯ ಹುಡುಗಿ, ಉದ್ದ ಜಡೆ, ಕಪ್ಪು ಶಾಲು. ಶನಿವಾರ ಬಸ್ಸಿಳಿದು ಬರುವಾಗ ಅವಳ ತಾಯಿ ಮಾಡಿದ ಹಸಿ ಗಿಣ್ಣಿನ ಉಂಡೆ ಕೈಯಲ್ಲಿರುತ್ತಿತ್ತು. ಏಳು ವರ್ಷ ಅವಳೂ ನನ್ನವರೂ ಸೇರಿ ಅವಳ ಊರಿನ ಮೇಲಿನ ಒಂದು ಗುಡ್ಡವನ್ನು ಅಳೆದಿದ್ದರು. ಗುಡ್ಡ ಜಾರುತ್ತಿತ್ತು, ವರ್ಷಕ್ಕೆ ಗೇಣುದ್ದ. ಕಬ್ಬಿಣದ ಗೂಟ ನೆಟ್ಟು, ತಿಂಗಳಿಗೊಮ್ಮೆ ಹತ್ತಿ, ಪುಸ್ತಕದಲ್ಲಿ ಬರೆದಿಡುತ್ತಿದ್ದರು.

ಡಿಸೆಂಬರಿನಲ್ಲಿ ಹುಡುಗಿ ಯಾಕೋ ಮಂಕಾಗಿದ್ದಳು. ಅಡುಗೆಮನೆಗೆ ಕರೆದು ಕೇಳಿದೆ.

“ಏನಿಲ್ಲ, ಎಲ್ವಿರಮ್ಮ. ಸ್ಕಾಟ್ಲೆಂಡಿನ ಒಂದು ಯೂನಿವರ್ಸಿಟಿಗೆ ಪಿಎಚ್‌ಡಿಗೆ ಅರ್ಜಿ ಹಾಕಿದೀನಿ. ಮೂರು ಶಿಫಾರಸು ಪತ್ರ ಬೇಕು. ಎರಡು ಆಗಿದೆ.”

“ಮೂರನೇದು ಇವರದ್ದೇ ತಾನೆ?”

“ಈ ಸ್ಥಿತೀಲಿ ಇಂಜಿನಿಯರ್ರನ್ನ ಹೇಗೆ ಕೇಳಲಿ? ಆದ್ರೆ ಆ ಗುಡ್ಡದ ಕೆಲಸ ನೋಡಿದವರು ಬೇರೆ ಯಾರೂ ಇಲ್ಲ.” ಇಂಜಿನಿಯರ್ ಎಂದರೆ ನನ್ನವರೇ, ವಿದ್ಯಾರ್ಥಿಗಳೆಲ್ಲ ಅವರನ್ನು ಕರೆಯುವುದು ಹಾಗೆ. “ನಾನು ಕೆಲಸ ಮಾಡೋ ಆಫೀಸಿನಲ್ಲಿ ಎಲ್ರೂ ಹೇಳ್ತಾರೆ, ನೀನೇ ಬರ್ಕೊಂಡು ಹೋಗು, ಅವರ ಹತ್ರ ಒಂದು ರುಜು ಹಾಕಿಸ್ಕೊಂಡ್ರೆ ಮುಗೀತು ಅಂತ.”

ಅದು ನಮ್ಮಲ್ಲಿ ನಡೆಯುವುದೇ. “ತಗೊಂಡು ಬಾ ಮಗಳೇ, ಅದ್ರಲ್ಲೇನಿದೆ,” ಎಂದೆ.

ಕ್ರಿಸ್‌ಮಸ್ ಕಳೆದ ಮೂರನೇ ದಿನ ತಂದಳು. ಬೆರಳಚ್ಚು ಮಾಡಿದ ಒಂದು ಪುಟ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದರು. ಹುಡುಗಿ ಕಿವಿಯವರೆಗೂ ಕೆಂಪಾಗಿ ನಿಂತಿದ್ದಳು. ಓದಿ ಮುಗಿಸಿ, ಎಡಗೈಯಿಂದ ಹಾಳೆಯನ್ನು ಮೇಜಿನ ಆ ತುದಿಗೆ ತಳ್ಳಿಬಿಟ್ಟರು.

“ಇಲ್ಲ,” ಎಂದರು. ಆ ಒಂದು ಪದ ಸ್ವಚ್ಛವಾಗಿ ಬಂತು.

ಜುಲೆಮಾ ಹಾಳೆ ಮಡಿಸಿಕೊಂಡು, ಕೊಟ್ಟ ಕಾಫಿ ಲೋಟವನ್ನು ಮುಟ್ಟದೆ ಹೊರಟುಹೋದಳು. ಬಾಗಿಲಲ್ಲಿ, “ನಂದೇ ತಪ್ಪು ಎಲ್ವಿರಮ್ಮ, ಕೇಳಬಾರದಿತ್ತು,” ಅಂದಿದ್ದಷ್ಟೇ.

ನನಗೆ ಸಿಟ್ಟು ಬಂತು. “ಏನ್ರೀ ನಿಮ್ಮ ಅಹಂಕಾರ! ಆ ಮಗು ಏಳು ವರ್ಷ ನಿಮ್ಮ ಹಿಂದೆ ಗುಡ್ಡ ಹತ್ತಿ ಇಳಿದಿದೆ. ಒಂದು ರುಜು ಹಾಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಅವರು ಮೇಜು ಕುಟ್ಟಿದರು. ಬಾಯಿ ತೆರೆದರು, ‘ಬುಟ್ಟಿ’ ಎಂದರು, ತಲೆ ಕೊಡವಿದರು. ಕಣ್ಣಲ್ಲಿ ನೀರು ಬಂತು. ಕೊನೆಗೆ ತಮ್ಮ ಎದೆಗೆ ಬಡಿದುಕೊಂಡು ಹೇಳಿದರು: “ನಂದು. ನಂದು.”

ಆಗ ತಿಳಿಯಿತು. ಅವಳು ಬರೆದದ್ದು ಬೇಡ. ತಾವೇ ಬರೆಯಬೇಕು.

ಮರುದಿನ ಬೆಳಿಗ್ಗೆ ಶುರು ಮಾಡಿದೆವು. ತಿಂಡಿಯಾದ ಮೇಲೆ ಅರ್ಧ ಗಂಟೆ. ಅದಕ್ಕಿಂತ ಹೆಚ್ಚಾದರೆ ದಣಿದು ಬೆವರುತ್ತಿದ್ದರು. ನಾನು ಹಾಳೆಯ ತುಂಬ ದೊಡ್ಡ ಅಕ್ಷರದಲ್ಲಿ ಪದಗಳನ್ನು ಬರೆದಿಡುವುದು, ಅವರು ಬೆರಳಿಟ್ಟು ತೋರಿಸುವುದು. ಬೇಕಾದ ಪದ ಅದರಲ್ಲಿ ಇಲ್ಲದಿದ್ದರೆ ಗೋಡೆ ನೋಡುತ್ತ ಕೂರುವರು, ನಾನು ಊಹಿಸುತ್ತ ಹೋಗಬೇಕು. ಮೊದಲ ವಾಕ್ಯಕ್ಕೆ ಮೂರು ದಿನ ಹಿಡಿಯಿತು. ವರ್ಷದ ಕೊನೆಯ ರಾತ್ರಿ ನಮ್ಮಲ್ಲಿ ಸುಡುವ ಹಳೆವರ್ಷದ ಗೊಂಬೆಗಳ ಬೂದಿ ಬೀದಿಯಲ್ಲಿ ಇನ್ನೂ ಬೆಚ್ಚಗಿರುವಾಗಲೇ, ಜನವರಿ ಒಂದರಂದು, ಎರಡನೇ ವಾಕ್ಯಕ್ಕೆ ಕೂತೆವು.

ಒಂದು ದಿನ ‘ಹಟಮಾರಿ’ ಎಂಬ ಪದದ ಮೇಲೆ ಬೆರಳಿಟ್ಟರು.

“ರೀ, ಹಟಮಾರಿ ಅಂತ ಬರೆದ್ರೆ ಯಾರಾದ್ರೂ ಸೀಟು ಕೊಡ್ತಾರಾ? ‘ಶ್ರಮಜೀವಿ’ ಅಂತ ಹಾಕೋಣ.”

ಬೆರಳು ಅಲ್ಲಾಡಲಿಲ್ಲ. ಹಾಗೇ ಬರೆದೆ.

ಅತಿ ಕಷ್ಟವಾದದ್ದು ಮುಂದಿನ ಮಾತು. ಕಿಟಕಿಯ ಆಚೆಯ ಬೆಟ್ಟ ತೋರಿಸಿದರು, ತಮ್ಮನ್ನು ತೋರಿಸಿಕೊಂಡರು, ಕೈ ಆಡಿಸಿದರು. ಸುಸ್ತಾಯಿತೇ ಎಂದೆ, ಅಲ್ಲ. ಬಿದ್ದಿರಾ ಎಂದೆ, ಅಲ್ಲ. ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ರೊಟ್ಟಿ ಅಗಿಯುತ್ತಿದ್ದವರು ಥಟ್ಟನೆ ನಿಲ್ಲಿಸಿ ಹೇಳಿದರು: “ನಾನು... ತಪ್ಪು.”

ನಲವತ್ತೊಂದು ವರ್ಷದ ಸಂಸಾರದಲ್ಲಿ ನನಗೆ ಒಮ್ಮೆಯೂ ಹೇಳದ ಮಾತು! ನಕ್ಕುಬಿಟ್ಟೆ. ಅವರೂ ನಕ್ಕರು, ಅರ್ಧ ಬಾಯಲ್ಲಿ.

ಪತ್ರ ಇಷ್ಟೇ ಆಯಿತು:

‘ನಾನೂ ಜುಲೆಮಾ ಕಿಸ್ಪೆಯೂ ಏಳು ವರ್ಷ ಒಂದು ಗುಡ್ಡವನ್ನು ಅಳೆದೆವು. ಮಳೆಯಿಂದ ಜಾರುತ್ತಿದೆ ಎಂದೆ. ಹಳೆಯ ಕಾಲುವೆ ಒಳಗೊಳಗೇ ಸೋರುತ್ತಿದೆ ಎಂದಳು. ಅವಳು ಹಟಮಾರಿ. ಮೂರು ತಿಂಗಳು ಅವಳೊಂದಿಗೆ ಮಾತು ಬಿಟ್ಟಿದ್ದೆ. ನಾನು ತಪ್ಪು, ಅವಳು ಸರಿ. ಕಾಲುವೆ ಮುಚ್ಚಿಸಿದರು. ಇಪ್ಪತ್ತೆರಡು ಮನೆ ಇಂದಿಗೂ ನಿಂತಿವೆ. ನನಗೆ ಲಕ್ವವಾಗಿದೆ. ಇಷ್ಟು ಬರೆಯಲು ಹದಿನೇಳು ದಿನ ಬೇಕಾಯಿತು. ಬೇರೆ ಯಾರಿಗಾಗಿಯೂ ಬರೆಯುತ್ತಿರಲಿಲ್ಲ.’

ಪಕ್ಕದ ಮನೆಯ ಇಂಗ್ಲಿಷ್ ಮೇಷ್ಟ್ರು ಅನುವಾದ ಮಾಡಿ, ಯೂನಿವರ್ಸಿಟಿಯವರು ಇವರ ಹೆಸರಿಗೆ ಕಳಿಸಿದ್ದ ಕಂಪ್ಯೂಟರ್ ಪುಟಕ್ಕೆ ಏರಿಸಿಕೊಟ್ಟರು. ಅಲ್ಲೊಂದು ಪ್ರಶ್ನೆಯಿತ್ತು: ನೀವು ಕಲಿಸಿದ ವಿದ್ಯಾರ್ಥಿಗಳಲ್ಲಿ ಇವರು ನೂರು ಜನರಿಗೆ ಮೊದಲಿಗರೇ, ಮೊದಲ ಐವರಲ್ಲಿ ಒಬ್ಬರೇ, ಮೊದಲ ಹತ್ತು ಮಂದಿಯಲ್ಲಿ ಒಬ್ಬರೇ? ನನ್ನವರು ಐದನ್ನು ತೋರಿಸಿದರು.

“ಇಷ್ಟೆಲ್ಲ ಮಾಡಿ ಐದಾ? ಒಂದು ಅನ್ರೀ!” ಎಂದೆ.

“ಐದು,” ಎಂದರು. ಲೆಕ್ಕದಲ್ಲಿ ಆ ಮನುಷ್ಯ ಎಂದೂ ಸುಳ್ಳು ಹೇಳಿದವರಲ್ಲ.

ಪತ್ರ ತಲುಪಿತು ಎಂಬ ಸುದ್ದಿ ಯೂನಿವರ್ಸಿಟಿಯಿಂದ ಜುಲೆಮಾಳಿಗೂ ಹೋಯಿತು. ಪತ್ರದಲ್ಲಿ ಏನಿದೆಯೆಂದು ಅವಳು ನೋಡುವಂತಿಲ್ಲ, ಅದು ಅವರ ನಿಯಮ. ಮರುದಿನ ಮೊದಲ ಬಸ್ಸಿಗೇ ಬಂದಳು. ಈ ಸಲ ಕೈಯಲ್ಲಿ ಗಿಣ್ಣಿರಲಿಲ್ಲ.

“ಇಂಜಿನಿಯರ್ರೇ, ನೀವೇ ಕಳಿಸಿದ್ರಾ? ಹೇಗೆ?”

ಅವರು ನನ್ನ ಕಡೆ ಕೈ ತೋರಿಸಿದರು. ನಾನು ಮೇಜಿನ ಮೇಲಿದ್ದ ಹಾಳೆಗಳ ರಾಶಿಯನ್ನು ಅವಳು ಓದದಂತೆ ಮಗುಚಿಟ್ಟೆ. ರಾಶಿಯ ಎತ್ತರ ಕಂಡೇ ಅವಳಿಗೆ ಅರ್ಥವಾಯಿತು. ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಅವರ ಸೋತ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. “ಅವತ್ತು ನಾನು ಏನೇನೋ ಅಂದ್ಕೊಂಡೆ,” ಎಂದಳು. ಅವರು ಎಡಗೈಯಿಂದ ಅವಳ ತಲೆ ಸವರಿದರು.

ಮಾರ್ಚಿನಲ್ಲಿ ಉತ್ತರ ಬಂತು. ಸೀಟು ಇದೆ, ವಿದ್ಯಾರ್ಥಿವೇತನ ಇಲ್ಲ. ಆ ವರ್ಷದ್ದೆಲ್ಲ ಬೇರೆಯವರಿಗೆ ಹೋಗಿತ್ತು.

“ಹಸಿದವಳಿಗೆ ಹೋಟೆಲ್ ಕಿಟಕಿ ತೋರಿಸಿದ ಹಾಗಾಯ್ತು,” ಎಂದು ಜುಲೆಮಾ ನಗಲು ನೋಡಿದಳು. ಆಗುವುದಿಲ್ಲ ಎಂದು ಬರೆದುಬಿಡುತ್ತೇನೆ ಎಂದಾಗ ನನ್ನವರು ಅವಳ ತೋಳು ಹಿಡಿದರು. “ತಾಳು. ತಾಳು,” ಎಂದರು. ಅವಳು ಬರೆಯಲಿಲ್ಲ. ಎರಡು ತಿಂಗಳು ರಸ್ತೆ ಅಳೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಆ ಮಾತು ಎತ್ತಲು ನಾವು ಮೂವರೂ ಹೆದರುತ್ತಿದ್ದೆವು.

ಮೇ ತಿಂಗಳಲ್ಲಿ ಅಲ್ಲಿನ ಪ್ರೊಫೆಸರಮ್ಮ ಒಬ್ಬರು ತಾವಾಗಿ ಜುಲೆಮಾಳಿಗೆ ಬರೆದರು. ಗೂಟಗಳ ಏಳು ವರ್ಷದ ಲೆಕ್ಕ ನಿಜಕ್ಕೂ ಇದೆಯೇ? ಇದ್ದರೆ ಕಳಿಸಿ. ಜಾರುವ ಗುಡ್ಡಗಳ ಬಗ್ಗೆ ನನ್ನದೊಂದು ಯೋಜನೆಗೆ ಹಣ ಕೇಳುತ್ತಿದ್ದೇನೆ, ಅದರೊಳಗೆ ನಿಮ್ಮನ್ನು ಸೇರಿಸಿಕೊಳ್ಳಲು ನೋಡುತ್ತೇನೆ. ಪುಸ್ತಕಗಳು ನಮ್ಮ ಅಟ್ಟದ ಮೇಲಿದ್ದವು, ಹದಿಮೂರು. ನಾಲ್ಕು ಮಧ್ಯಾಹ್ನ ನಾನು ಪುಟ ಬಿಡಿಸಿ ಹಿಡಿದೆ, ಅವಳು ಒಂದೊಂದೇ ಚಿತ್ರ ತೆಗೆದಳು. ನನ್ನವರು ಪಕ್ಕದಲ್ಲಿ ಕೂತು ಕಾವಲು ಕಾಯ್ದರು. ಒಂದು ಪುಟ ಹಾರಿದರೂ ಗದರುವರು.

ಜುಲೈ ಕೊನೆಗೆ ಹಣ ಮಂಜೂರಾಯಿತು. ಮೂರೂವರೆ ವರ್ಷಕ್ಕೆ, ವಿಮಾನದ ಖರ್ಚೂ ಸೇರಿ. ಸೆಪ್ಟೆಂಬರಿನಲ್ಲಿ ಅವಳ ಊರಿನಿಂದ ಎರಡು ವ್ಯಾನು ತುಂಬ ಜನ ಬೀಳ್ಕೊಡಲು ಬಂದರು. ಅವಳ ತಾಯಿ ನನ್ನ ಕೈ ಬಿಡಲೇ ಇಲ್ಲ.

ಹೋದ ಆಗಸ್ಟಿನಲ್ಲಿ ಜುಲೆಮಾ ತನ್ನ ಕೆಲಸಕ್ಕೆಂದು ಎರಡು ತಿಂಗಳು ಬಂದಿದ್ದಳು. ನನ್ನವರು ಈಗ ಸಣ್ಣ ಸಣ್ಣ ವಾಕ್ಯ ಆಡುತ್ತಾರೆ. ಜೀಪಿನಲ್ಲಿ ಅವರನ್ನೂ ಗುಡ್ಡದ ಬುಡಕ್ಕೆ ಕರೆದೊಯ್ದಳು. ಅವರು ಮುಂದಿನ ಸೀಟಿನಲ್ಲಿ ಮೊಣಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ನಾನು ಹಿಂದೆ, ಫ್ಲಾಸ್ಕು ಹಿಡಿದು. ಅವಳು ಮೇಲೆ ಹತ್ತಿ ಅಳತೆಯನ್ನು ಕೂಗಿ ಹೇಳುತ್ತಿದ್ದಳು, ಅವರು ಎಡಗೈಯಲ್ಲಿ ಒಂದೊಂದೇ ಅಂಕಿ ಬರೆದುಕೊಳ್ಳುತ್ತಿದ್ದರು. ಗಾಳಿ ಜೋರಾಗಿತ್ತು. ಕಿಟಕಿ ಏರಿಸಲೇ ಎಂದು ಕೇಳಿದೆ.

“ಬೇಡ,” ಎಂದರು. “ಕೇಳಿಸಬೇಕು.”