ಪಾಳಿ ಕೂಗುವ ದನಿ

ಸೊಲ್ಲಾಪುರದ ಡಾಕ್ಟರು ಸಂಗಣ್ಣನ ಗಂಟಲೊಳಗಿನ ಗಂಟು ಕೊಯ್ದು ತೆಗೆದಾಗ ಅದರ ಜೋಡಿ ದನಿಯೂ ಹೋಯಿತು. ನಾಲ್ಕು ತಿಂಗಳಿಗೆ ಗಂಟು ತಿರುಗಿ ಬಂತು, ದನಿ ಬರಲಿಲ್ಲ. ಇನ್ನೇನೂ ಮಾಡಲಿಕ್ಕಾಗದು, ದಸರೆ ದಾಟಿದರೆ ಹೆಚ್ಚು ಅಂದರಂತೆ.

ದೇವಾಪುರದಲ್ಲಿ ಕಾಲುವೆಯ ಗೇಟು ನೋಡುವವನು ಅವನೇ. ನೀರಿನ ಪಾಳಿ ಬದಲಾಗುವಾಗ ಒಡ್ಡಿನ ಮೇಲೆ ನಿಂತು ಕೂಗುತ್ತಿದ್ದ. ಆ ಕೂಗು ಕಿವಿಗೆ ಬಿದ್ದ ಮೇಲೆಯೇ ಮೇಲಿನ ಹೊಲದವರು ತೂಬು ಮುಚ್ಚಬೇಕು. ಬೇರೆ ಯಾರು ಹೇಳಿದರೂ ನಂಬುವಂತಿಲ್ಲ. ಊರು ಕೂಡಿ ಮಾಡಿಕೊಂಡ ಕರಾರು. ದನಿ ಹೋದಮೇಲೆ ಕಾಲುವೆಗೆ ನೀರು ಬಿಟ್ಟದ್ದು ಈಗಲೇ. ಸಂಗಣ್ಣ ತಾಟು ಬಡಿದ, ಟವೆಲ್ ಬೀಸಿದ. “ಕೂಗು ಕೇಳಲಿಲ್ಲಲ್ಲೋ ಮಾರಾಯ,” ಅಂದ ಮೇಲಿನ ಹೊಲದ ಲಿಂಗಣ್ಣ. ಕಾಲುವೆಯ ಕೊನೆಯಲ್ಲಿದ್ದ ತಿಮ್ಮವ್ವನ ಭತ್ತಕ್ಕೆ ಎರಡು ಪಾಳಿ ತಪ್ಪಿತು. ಮೂರನೆಯದೂ ತಪ್ಪಿದರೆ ಪೈರು ಸುಟ್ಟುಹೋಗುತ್ತದೆ.

ನಾನು ಸಾಲಿ ಮಾಸ್ತರ. ಹೆಡ್ ಮಾಸ್ತರರಿಂದ ಹಿಡಿದು ಸುರಪುರ ಬಸ್ಸಿನ ಕಂಡಕ್ಟರನ ತನಕ ಎಲ್ಲರ ದನಿ ತೆಗೆದು ನಗಿಸುವ ಚಟ ನನಗೆ. ಸಂಗಣ್ಣ ಮನೆಗೆ ಬಂದು ನನ್ನ ಮಗಳ ಪಾಟಿಯ ಮೇಲೆ ಬರೆದ: “ನಂದೂ ದನಿ ತಗಿ.”

“ಮದ್ಲ ಆರಾಮ ಮಾಡಪಾ,” ಅಂದೆ.

ಅಳಿಸಿ ಬರೆದ: “ನನಗ ಕಾಲ ಇಲ್ಲ. ಕಾಲುವೆ ಐತಿ.”

ಇಂಥ ಮಾತು ಹೊಸೆಯುವುದು ನನ್ನ ಕೆಲಸ. ನಗಲಿಕ್ಕಾಗಲಿಲ್ಲ.

ಮರುದಿನ ಸಂಜೆ ಒಡ್ಡಿನ ಮೇಲೆ ನಿಂತು ಅವನಂತೆಯೇ ಬಲಗಿವಿಗೆ ಕೈ ಹಚ್ಚಿ ದನಿ ಎಳೆದು ಕೂಗಿದೆ: “ಲಿಂಗಣ್ಣಂದು ಮುಗೀತೂ… ತಿಮ್ಮವ್ವಂದು ಬಂತೂ…”

ಲಿಂಗಣ್ಣ ಬೆಚ್ಚಿಬಿದ್ದು ತೂಬಿಗೆ ಕೈ ಹಾಕಿದ. ನೀರು ಕೆಳಗೆ ಹರಿಯಿತು. ಪಕ್ಕದಲ್ಲಿ ಕೂತ ಸಂಗಣ್ಣ ಸದ್ದಿಲ್ಲದೆ ನಗುತ್ತ ನನ್ನ ಕಾಲಿಗೆ ಗುದ್ದಿದ.

ಅಷ್ಟರಲ್ಲಿ ಅವನ ಹೆಂಡತಿ ಶಿವಬಸಮ್ಮ ಓಡಿ ಬಂದಳು. ಮೊಣಕೈ ತನಕ ಜೋಳದ ಹಿಟ್ಟು. ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು.

“ನೀವೇನ್ರಿ ಮಾಸ್ತರ್ರ,” ಅಂದು ಗಂಡನ ಪಕ್ಕ ಕೂತಳು.

ನನ್ನ ಕಡೆ ತಿರುಗಿ ಕೇಳಿದಳು, “ಒಂದ್ಸಲ ನನ್ನ ಕರೀರಿ. ಅವ್ರು ಕರದಂಗ.”

ಬಾಯಿ ತೆರೆದೆ. ಆ ಕರೆ ನಾನು ಕೇಳಿದ್ದೇ ಇಲ್ಲ. ಅವನು ಎತ್ತಿಗೆ ಬೈದದ್ದು ಗೊತ್ತು, ಇಂಜಿನಿಯರಿಗೆ ಸಲಾಂ ಹೊಡೆದದ್ದು ಗೊತ್ತು. ನಾಲ್ಕು ಮಂದಿಯ ಮುಂದೆ ಹೆಂಡತಿಯನ್ನು ಎಂದೂ ಕರೆದವನಲ್ಲ. ಮನೆಯೊಳಗೆ ಏನನ್ನುತ್ತಿದ್ದನೋ.

ಸಂಗಣ್ಣನ ಕಡೆ ತಿರುಗಿದೆ. ಅವನು ತುಟಿ ಆಡಿಸಿದ. ಬರೀ ಗಾಳಿ. ಇನ್ನೊಮ್ಮೆ ನಿಧಾನ ಆಡಿಸಿದ. ನನಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು, ತಲೆ ತಗ್ಗಿಸಿದಳು.

“ಏನಂದ್ನವ್ವಾ?”

“ಹೆಂಗ ಹೇಳ್ಲಿರಿ,” ಅಂದಳು. “ಅದನ್ನ ಅವ್ರೇ ಅನಬೇಕು.”

ಕೆಳಗಿನ ಹೊಲದಿಂದ ತಿಮ್ಮವ್ವನ ಕೂಗು ಬಂತು: “ನೀರು ಬಂತೋ ಸಂಗಣ್ಣಾ… ನಿನ್ನ ದನೀನೂ ಬಂತಲ್ಲೋ… ಅಬ್ಬೆತುಮಕೂರ ಮಠಕ್ಕ ಹೋಗಿ ಕಾಯಿ ಒಡಸ್ತೀನಪಾ…”

ಓಗೊಡುವ ತನಕ ಅವಳು ಬಿಡುವವಳಲ್ಲ. ಸಂಗಣ್ಣ ಮೊಣಕೈಯಿಂದ ನನ್ನನ್ನು ತಿವಿದ. ಶಿವಬಸಮ್ಮ ಹಿಟ್ಟಿನ ಕೈಯಿಂದಲೇ ಎರಡೂ ಕಿವಿ ಮುಚ್ಚಿಕೊಂಡಳು.

“ಹೂಂ ತಿಮ್ಮವ್ವಾ…” ಅಂದೆ, ಅವನ ದನಿಯಲ್ಲಿ.