ಹೂಂ ಅಂದರೆ ಸಾಲದು

ನಮ್ಮ ವಿಮಾನ ನಿಲ್ದಾಣ ಸಣ್ಣದು, ಆದರೆ ತಪಾಸಣೆಗೆ ಬಂದವರ ಗತ್ತು ದೊಡ್ಡದು. ಅಂತರರಾಷ್ಟ್ರೀಯ ಮಟ್ಟಕ್ಕೆ ಏರಬೇಕು ಎಂದು ವಾರಗಟ್ಟಲೆ ಕಂಟ್ರೋಲರ್‌ಗಳಾದ ನಮ್ಮ ತಲೆ ತಿಂದರು. ಪೈಲಟ್‌ಗಳು ಕೊಟ್ಟಿದ್ದ ದೂರು ಒಂದೇ: ಟವರಿನವರು ಅವಸರದಲ್ಲಿ ಮಾತಾಡುತ್ತಾರೆ, ಕೇಳಿಸಿತೋ ಇಲ್ಲವೋ ಎಂದು ವಿಚಾರಿಸುವುದಿಲ್ಲ. ಅಂದಿನಿಂದ ನಿಯಮ ಬಿಗಿಯಾಯಿತು. ನಾವು ಹೇಳಿದ್ದನ್ನು ಪೈಲಟ್ ಪೂರ್ತಿ ತಿರುಗಿ ಹೇಳಬೇಕು, ಸರಿಯಿದ್ದರೆ ನಾವು 'ಕರೆಕ್ಟ್' ಅನ್ನಬೇಕು. ಬರೀ ಹೂಂಗುಟ್ಟಿದರೆ ನಡೆಯದು.

ನನಗೆ ಇದೆಲ್ಲ ಕಿರಿಕಿರಿ. ಜೊತೆಗೆ ಕೆಲಸ ಮಾಡುವ ಪ್ರಮಿತಾಗೆ ಮಾತ್ರ ಭಾರಿ ಹಿಡಿಸಿತು.

"ಶಾಕೀರಭಾಯ್, ನಮ್ಮಪ್ಪ ಮಠದ ಹುಡುಗ್ರಿಗಿ ಮಂತ್ರ ಹಿಂಗೇ ಕಲಸ್ತಾರ. ಅವ್ರು ಒಂದ್ಸಲ ಅಂದ್ರ ಹುಡುಗ್ರು ಎರಡ ಸಲ ಅನಬೇಕು," ಅಂದಳು.

ಸಂಜೆ ಶಹಾಬಾದಿಗೆ ನಾವಿಬ್ಬರೂ ಒಂದೇ ಜೀಪಿನಲ್ಲಿ ಮರಳುತ್ತೇವೆ. ಒಂದು ದಿನ ದಾರಿಯಲ್ಲಿ ಪ್ರಮಿತಾ ಸೇಡಮಿನಲ್ಲಿರುವ ತಾಯಿ ನರ್ಮದಾಬಾಯಿಗೆ ಫೋನ್ ಮಾಡಿ ಅಲ್ಲೂ ಅದನ್ನೇ ಶುರು ಮಾಡಿದಳು: "ಅವ್ವಾ, ನಾ ಹೇಳಿದ್ದು ತಿರುಗಿ ಹೇಳು."

ಸ್ಪೀಕರಿನಲ್ಲಿ ಹಿರಿಯಾಕೆ ಸಿಡಿದರು: "ನಾ ಏನ್ ನಿನ್ನ ವಿಮಾನ ಏನ? ಹೂಂ ಅಂದ್ರ ಸಾಕಾಗಲ್ಲೇನು?"

ನಾನು ಬಿದ್ದು ಬಿದ್ದು ನಕ್ಕೆ. ಪ್ರಮಿತಾ ಮತ್ತೆಂದೂ ತಾಯಿಗೆ ಹಾಗೆ ಹೇಳಲಿಲ್ಲ.

ಅವಳ ತಂದೆ ಪ್ರಹ್ಲಾದಾಚಾರ್ಯರಿಗೆ ಆಗಷ್ಟೇ ಇನ್ಸುಲಿನ್ ಶುರುವಾಗಿತ್ತು. ದಿನಾ ಬೆಳಿಗ್ಗೆ ಹೆಂಡತಿಯೇ ಚುಚ್ಚುತ್ತಿದ್ದರು. ಅಷ್ಟರಲ್ಲಿ ಏಕಾದಶಿ ಬಂತು. ಆಚಾರ್ಯರದು ನೀರೂ ಮುಟ್ಟದ ಉಪವಾಸ, ಯಾರು ಹೇಳಿದರೂ ಬಿಡುವವರಲ್ಲ. ಹಿಂದಿನ ಸಂಜೆ ಪ್ರಮಿತಾ ಡಾಕ್ಟರನ್ನು ಕೇಳಿಕೊಂಡು ಜೀಪಿನಿಂದಲೇ ತಾಯಿಗೆ ಹೇಳಿದಳು:

"ಅವ್ವಾ, ನಾಳಿಗಿ ಅಪ್ಪ ಉಣ್ಣಂಗಿಲ್ಲ. ಸೂಜಿ ಮಾಡಬ್ಯಾಡ. ಮಾಡಿದ್ರ ಸಕ್ರಿ ಪೂರಾ ಇಳಿತದ, ಜೀವಕ್ಕ ಭಾಳ ಧೋಕಾ. ತಿಳೀತಿಲ್ಲೋ?"

ಆ ಕಡೆ ಮನೆಯ ಮುಂದೆ ಸಿಮೆಂಟ್ ಲಾರಿಗಳು ಒಂದರ ಹಿಂದೊಂದು ಹಾಯುತ್ತಿದ್ದವು. "ಹೂಂ," ಅಂದರು ನರ್ಮದಾಬಾಯಿ.

ಪ್ರಮಿತಾ ಏನೋ ಕೇಳಲು ಬಾಯಿ ತೆರೆದಳು. ಮತ್ತೆ ಬೈಸಿಕೊಳ್ಳುವುದೇಕೆ ಎಂದು ಸುಮ್ಮನೆ ಫೋನ್ ಇಟ್ಟಳು.

ನಮ್ಮ ಕಡೆ ಹೂಂ ಅಂದರೆ ಒಪ್ಪಿದೆ ಅಂತಲೂ ಆಗುತ್ತದೆ, ನೀ ಮಾತಾಡು, ನಾ ಇಲ್ಲೇ ಇದ್ದೀನಿ ಅಂತಲೂ ಆಗುತ್ತದೆ. ಮರುದಿನ ನರ್ಮದಾಬಾಯಿ ಎಂದಿನಂತೆ ಸೂಜಿ ಮಾಡಿದರು. ಆಚಾರ್ಯರು ಪೂಜೆಗೆ ಕುಳಿತಲ್ಲೇ ಬೆವತು ವಾಲಿದರು. ಉಪವಾಸದ ಸುಸ್ತು ಎಂದುಕೊಂಡು ಮಲಗಿಸಿದರು. ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಲಾರಿ ಸಪ್ಪಳದಾಗ ನಂಗ ಕೇಳಿಸ್ಲೇ ಇಲ್ರೀ," ಎಂದು ಆ ತಾಯಿ ಬಂದವರಿಗೆಲ್ಲ ಹೇಳಿ ಹೇಳಿ ಅತ್ತರು. ನನಗೆ ಲಾರಿಗಳ ಮೇಲೆ, ಫೋನಿನ ಮೇಲೆ, ಕೊನೆಗೆ ದೇವರ ಮೇಲೂ ಸಿಟ್ಟು ಬಂತು. ಸಿಟ್ಟಿನಿಂದ ಆಗುವುದೇನು, ಹೋದ ಜೀವ ಹೋಯಿತು.

ಕರ್ಮಾಂತರ ಮುಗಿಸಿ ಪ್ರಮಿತಾ ಕೆಲಸಕ್ಕೆ ಬಂದಳು. ಈಗ ಯಾವ ಪೈಲಟ್‌ನನ್ನೂ ಅವಳು ಸುಲಭಕ್ಕೆ ಬಿಡುವುದಿಲ್ಲ. ಒಂದು ಅಕ್ಷರ ತಪ್ಪಿದರೂ ಮತ್ತೆ ಹೇಳಿಸುತ್ತಾಳೆ. ಎರಡನೇ ಸಲ ಬಂದ ತಪಾಸಣೆಯವರು ಇಷ್ಟು ಸುಧಾರಣೆ ಎಲ್ಲೂ ಕಂಡಿಲ್ಲ ಎಂದು ಅವಳ ಬೆನ್ನು ತಟ್ಟಿ ಹೋದರು. ಅವಳು ಆಗಲೇ ಮುಂದಿನ ಪೈಲಟ್‌ಗೆ 'ಮತ್ತೆ ಹೇಳಿ' ಅನ್ನುತ್ತಿದ್ದಳು.

ಆ ಸಂಜೆ ಜೀಪಿನಲ್ಲಿ ಎಂದಿನಂತೆ ಫೋನ್. "ಅವ್ವಾ, ಉಂಡು ಗುಳಿಗಿ ತಗೋ. ಬಾಗಲಾ ಹಾಕ್ಕೊಂಡು ಮಲಕೋ."

ಈಗ ನರ್ಮದಾಬಾಯಿಗೆ ಯಾರೂ ತಿರುಗಿ ಹೇಳು ಅನ್ನಬೇಕಾಗಿಲ್ಲ. "ಉಂಡು ಗುಳಿಗಿ ತಗೋತೀನಿ. ಬಾಗಲಾ ಹಾಕ್ಕೊಂಡು ಮಲಕೋತೀನಿ. ಬರೋಬರಿ ಅದ ಏನವಾ?"

ಪಾಠ ಒಪ್ಪಿಸುವ ಮಗುವಿನ ದನಿ ಅದು. ಉತ್ತರಕ್ಕೆ ಕಾಯುತ್ತಿತ್ತು. ಪ್ರಮಿತಾ ಜೀಪಿನ ಕಿಟಕಿಯತ್ತ ಮುಖ ತಿರುಗಿಸಿದಳು.

"ಹೂಂ," ಅಂದಳು.

"ಹೂಂ ಅನಬ್ಯಾಡ, ಪಮ್ಮಿ," ಅಂದರು ಆ ಕಡೆಯಿಂದ. "ಬಾಯಿ ಬಿಟ್ಟು ಹೇಳು."